ಆ ಹಾಡು ಯಾರದೂ ಅಲ್ಲವೆಂದೆ

ಆ ಹಾಡಿಗೆ ಒಬ್ಬ ಅಜ್ಜಿಯನ್ನು ಹುಟ್ಟಿಸಿದವಳು ನಾನು. ಮಾಕಳಿಯ ಹಂಚಿನ ಮನೆಯ ಜಗಲಿಯಲ್ಲಿ ರಾಗಿ ಬೀಸುತ್ತ, ತನ್ನ ಅಜ್ಜಿಯಿಂದ ಕಲಿತದ್ದನ್ನು ಮೊಮ್ಮಗಳಿಗೆ ದಾಟಿಸಿದ ಮುದುಕಿ — ಅಂಥವರು ಯಾರೂ ಇರಲಿಲ್ಲ. ಹಾಡು ಹಳೆಯದೂ ಅಲ್ಲ. ಅದು ಹುಟ್ಟಿದ್ದು ಟಿ. ದಾಸರಹಳ್ಳಿಯ ಒಂದು ಬಾಡಿಗೆ ಮನೆಯ ತಾರಸಿಯಲ್ಲಿ, ನನ್ನ ಕಣ್ಣೆದುರಿಗೆ. ಕಟ್ಟಿದವಳು ನನ್ನ ಗೆಳತಿ ಮಂಗಳ. ಮಾತೂ ಅವಳದು, ರಾಗವೂ ಅವಳದು. ಇಷ್ಟು ಗೊತ್ತಿದ್ದೂ, ಕೇಳಿದವರ ಮುಂದೆ, ಆ ಹಾಡು ಯಾರದೂ ಅಲ್ಲ ಎಂದು ಹೇಳಿದೆ. ಹೇಳಿ, ಅದನ್ನು ಅವಳಿಂದ ಮುಚ್ಚಿಟ್ಟೆ.

ನೀವೂ ಆ ಹಾಡನ್ನು ಕೇಳಿರಬಹುದು. ‘ಹೊಸಿಲ ಮೇಲೊಂದು ಹೂವಿಟ್ಟು ಬಂದೆ’ ಎಂದು ಶುರುವಾಗುತ್ತದೆ. ಮದುವೆ ಛತ್ರಗಳಲ್ಲಿ ಹಾಡುತ್ತಾರೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಕುಣಿಯುತ್ತಾರೆ. ಕೆಳಗೆ ‘ಜಾನಪದ’ ಎಂದು ಬರೆದಿರುತ್ತದೆ. ಆ ಪದವನ್ನು ಮೊದಲು ಅಲ್ಲಿ ಬರೆದದ್ದು ನನ್ನ ಕೈ.

ಮಂಗಳ ನನಗೆ ಸಿಕ್ಕಿದ್ದು ಯಲಹಂಕದ ಕಾಲೇಜಿನಲ್ಲಿ. ನಾನು ಸಹಕಾರನಗರದವಳು — ನಮ್ಮ ತಾತನ ಕಾಲದಲ್ಲಿ ಅಲ್ಲೆಲ್ಲ ರಾಗಿ ಹೊಲ ಇತ್ತಂತೆ, ನಾನು ಕಂಡದ್ದು ಸೈಟು, ಪಾರ್ಕು, ಬೇಕರಿ. ಅವಳು ದಾಸರಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ಬಂದು ಕೂತ ಕೂಡಲೇ ಬ್ಯಾಗಿನಿಂದ ಬಾಚಣಿಗೆ ತೆಗೆಯುವಳು. ತಲೆ ಬಾಚಿಕೊಳ್ಳುತ್ತ ಹಿಂದಿನ ದಿನ ಕೇಳಿದ ಸಿನಿಮಾ ಹಾಡನ್ನು ಸಣ್ಣಗೆ ಗುನುಗುವಳು. ಮೇಷ್ಟರು ಬಂದರೂ ನಿಲ್ಲಿಸುತ್ತಿರಲಿಲ್ಲ. ನಾನು ಕಾಲು ತುಳಿಯಬೇಕಿತ್ತು.

ಅವಳು ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದಳು. ಗಣೇಶನ ಹಬ್ಬ ಬಂತೆಂದರೆ, ನವೆಂಬರಿನಲ್ಲಿ ರಾಜ್ಯೋತ್ಸವ ಬಂತೆಂದರೆ, ಪೀಣ್ಯ, ಯಶವಂತಪುರ, ಆರ್.ಟಿ. ನಗರದ ಬೀದಿಗಳಲ್ಲಿ ಶಾಮಿಯಾನ ಏಳುತ್ತಿತ್ತು. ಮಿರಮಿರ ಮಿನುಗುವ ಸೀರೆ, ಮೊಣಕೈವರೆಗೂ ಬಳೆ, ಉಗುರಿಗೆ ಕೆಂಪು ಬಣ್ಣ — ಮಂಗಳ ವೇದಿಕೆ ಹತ್ತಿ ‘ಎಲ್ಲರಿಗೂ ನಮಸ್ಕಾರಾ’ ಎಂದರೆ ಹಿಂದಿನ ಸಾಲಿನ ಹುಡುಗರು ಶಿಳ್ಳೆ ಹೊಡೆಯುತ್ತಿದ್ದರು. ನಾನು ವೇದಿಕೆಯ ಹಿಂದೆ ಅವಳ ಬ್ಯಾಗು, ಚಪ್ಪಲಿ ಕಾಯುತ್ತ ಕೂತಿರುತ್ತಿದ್ದೆ. ಕಾರ್ಯಕ್ರಮ ಮುಗಿದ ಮೇಲೆ ಸಂಘದವರು ಕೊಟ್ಟ ಪುಳಿಯೋಗರೆಯನ್ನು ಸ್ಪೀಕರ್ ಡಬ್ಬಗಳ ನಡುವೆ ಕೂತು ತಿನ್ನುತ್ತಿದ್ದೆವು. ಅವಳ ಬೆವರು, ಮಲ್ಲಿಗೆ, ಜನರೇಟರಿನ ಹೊಗೆ — ಎಲ್ಲ ಸೇರಿದ ಆ ವಾಸನೆ ಈಗಲೂ ಎಲ್ಲಾದರೂ ಒಮ್ಮೊಮ್ಮೆ ಬರುತ್ತದೆ. ಬಂದರೆ ನಾನು ನಡೆಯುತ್ತಿದ್ದವಳು ನಿಂತುಬಿಡುತ್ತೇನೆ.

ಅದೇ ನಿಜವಾದ ಮಂಗಳ. ನಾನು ಮುಂದೆ ಅಳಿಸಿಹಾಕಿದ್ದು ಅವಳನ್ನೇ.

ಓದು ಮುಗಿದ ಮೇಲೆ ನಾನು ಆರ್.ಟಿ. ನಗರದ ಒಂದು ಸಣ್ಣ ಜಾಹೀರಾತು ಕಚೇರಿಗೆ ಸೇರಿದೆ. ಮಂಗಳ ಮನೆಯ ಹತ್ತಿರದ ನರ್ಸರಿ ಶಾಲೆಯಲ್ಲಿ ಟೀಚರ್ ಆದಳು, ಮದುವೆಯೂ ಆಯಿತು. ನನ್ನ ಕಚೇರಿಯ ಯಜಮಾನರು ಪ್ರಭಾಕರ್. ಕೆಟ್ಟವರಲ್ಲ, ಕೆಲಸ ಕಲಿಸಿದವರು. ನನಗೆ ಕೊಟ್ಟ ಮೊದಲ ಕೆಲಸ ಒಂದು ಚಟ್ನಿಪುಡಿ ಕಂಪನಿಯದು. ಪುಡಿ ಶೆಡ್ಡಿನಲ್ಲಿ ಮಷೀನಿನಿಂದ ಬರುತ್ತಿತ್ತು, ರುಚಿಯಾಗಿಯೂ ಇತ್ತು. ಶುಚಿ, ರುಚಿ ಎಂದೆಲ್ಲ ನಾನು ಬರೆದುಕೊಂಡು ಹೋದದ್ದನ್ನು ಅವರು ಪಕ್ಕಕ್ಕಿಟ್ಟರು.

“ಸುನೀತಾ, ಜನ ಚಟ್ನಿಪುಡಿ ತಗೊಳಲ್ಲಮ್ಮ. ಅಜ್ಜಿನ ತಗೋತಾರೆ. ನೀನು ಅಜ್ಜಿ ತೋರ್ಸು.”

ಕಚೇರಿಯ ಕಟ್ಟಡದ ಮಾಲೀಕರ ತಾಯಿಯನ್ನು ಒಪ್ಪಿಸಿ ಒರಳಿನ ಮುಂದೆ ಕೂರಿಸಿದೆವು. ಅವರು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಎದೆಯುರಿಯೆಂದು ಖಾರ ಮುಟ್ಟುವುದನ್ನೇ ಬಿಟ್ಟಿದ್ದರು. ಆ ಚಿತ್ರವನ್ನು ಕಂಪನಿಯ ಜಾಲತಾಣದ ಪೇಜಿಗೆ ಹಾಕಿ, ಕೆಳಗೆ ನಾನೇ ಅಜ್ಜಿಯ ಮಾತು ಬರೆದೆ — ಬೇಕೆಂದೇ ಒಂದೆರಡು ಕಾಗುಣಿತ ತಪ್ಪು ಬಿಟ್ಟೆ. ಜನ ‘ನಮ್ಮಜ್ಜಿ ನೆನಪಾದರು’ ಎಂದು ಬರೆದರು. ಅತ್ತೆವು ಎಂದೂ ಬರೆದರು. ನನಗೆ ಅವತ್ತು ಮೈ ಜುಂ ಎಂದಿತು. ಸುಳ್ಳು ಹೇಳಿದೆ ಎಂದಲ್ಲ — ಎಷ್ಟು ಸುಲಭ ಎಂದು.

ಆ ದಿನಗಳಲ್ಲೇ ಮಂಗಳನ ಬದುಕಿನಲ್ಲಿ ಒಂದು ದೊಡ್ಡ ನೋವು ಬಂದು ಹೋಯಿತು. ಅದು ಅವಳ ಮನೆಯ ಮಾತು. ಕೆಲವು ತಿಂಗಳು ಅವಳು ಹಾಡಲಿಲ್ಲ, ಶಾಲೆಗೂ ಹೋಗಲಿಲ್ಲ. ಭಾನುವಾರಗಳಲ್ಲಿ ನಾನು ಹೋಗಿ ಅವಳ ಜೊತೆ ತಾರಸಿಯಲ್ಲಿ ಕೂರುತ್ತಿದ್ದೆ. ಕೆಳಗೆ ತುಮಕೂರು ರಸ್ತೆಯ ಲಾರಿಗಳು. ಪಕ್ಕದ ತಾರಸಿಯಲ್ಲಿ ಒಣಗಲು ಹಾಕಿದ ಸಂಡಿಗೆ. ಒಂದು ಮಧ್ಯಾಹ್ನ, ಒಣಗಿದ ಬಟ್ಟೆ ಮಡಿಸುತ್ತ ಮಡಿಸುತ್ತ, ಅವಳು ಹಾಡತೊಡಗಿದಳು.

ಹೊಸಿಲ ಮೇಲೊಂದು ಹೂವಿಟ್ಟು ಬಂದೆ
ಯಾರೂ ಎತ್ತಬೇಡಿ, ಬಾಡಲಿ ಹಾಗೇ…

ಮೊದಲು ನಾನು ಯಾವುದೋ ಗೊತ್ತಿರುವ ಹಾಡು ಅಂದುಕೊಂಡೆ. ಎರಡನೆಯ ನುಡಿಯಲ್ಲಿ ಅವಳು ನಿಂತು, ಒಂದು ಪದ ಬದಲಾಯಿಸಿ, ಮತ್ತೆ ಹಾಡಿ, ತಲೆಯಾಡಿಸಿದಳು. ಆಗ ತಿಳಿಯಿತು — ಕಟ್ಟುತ್ತಿದ್ದಾಳೆ. ಬಿಸಿಲು ಇಳಿಯುವ ಹೊತ್ತಿಗೆ ಹಾಡು ಮುಗಿದಿತ್ತು. ಅವಳ ಮಡಿಲಲ್ಲಿ ಗಂಡನ ಒಂದು ಅಂಗಿ ಅರ್ಧ ಮಡಿಸಿದಂತೆಯೇ ಇತ್ತು.

“ಹೆಂಗಿದೆ ಸುನಿ?” ಎಂದಳು.

ನಾನು ಅವಳ ಕೈ ಹಿಡಿದುಕೊಂಡೆ. ಜೀವನದಲ್ಲಿ ನಾನು ಆ ಹಾಡಿಗೆ ಕೊಟ್ಟ ಪ್ರಾಮಾಣಿಕ ಉತ್ತರ ಅದೊಂದೇ.

ಮುಂದಿನ ವಾರ ನನ್ನ ಮೊಬೈಲಿನಲ್ಲಿ ಅವಳು ಹಾಡುವುದನ್ನು ಚಿತ್ರೀಕರಿಸಿದೆ. ಚೂಡಿದಾರ, ಹಿಂದೆ ಕಪ್ಪು ನೀರಿನ ಟ್ಯಾಂಕು, ಮಧ್ಯೆ ಒಂದು ಲಾರಿಯ ಹಾರನ್. ಅವಳ ಹೆಸರಿನಲ್ಲಿ ಒಂದು ಪೇಜು ತೆರೆದು ಹಾಕಿದೆ. ‘ರಚನೆ, ಗಾಯನ: ಮಂಗಳ’ ಎಂದು ಬರೆದೆ — ಹೌದು, ಮೊದಲು ಹಾಗೇ ಬರೆದಿದ್ದೆ. ನಮ್ಮ ಸ್ನೇಹಿತರು ಬಿಟ್ಟರೆ ಯಾರೂ ನೋಡಲಿಲ್ಲ. ಯಾರೋ ಒಬ್ಬರು ‘ಆರ್ಕೆಸ್ಟ್ರಾ ವಾಯ್ಸ್’ ಎಂದು ಬರೆದರು.

ಮಂಗಳ ಅದನ್ನು ಮರೆತಳು. ನನಗೆ ಮರೆಯಲಾಗಲಿಲ್ಲ. ಅಷ್ಟು ಒಳ್ಳೆಯ ಹಾಡು, ಯಾರೂ ಕೇಳದೆ… ನನಗೆ ಅವಳ ಮೇಲಿನ ಪ್ರೀತಿಯೇ ಇತ್ತು ಅಂದುಕೊಂಡಿದ್ದೇನೆ. ಆದರೆ ಆ ಪ್ರೀತಿಯ ಜೊತೆ ಇನ್ನೊಂದೂ ಇತ್ತು: ಚಟ್ನಿಪುಡಿಗೆ ಮಾಡಿದ್ದನ್ನು ಇದಕ್ಕೂ ಮಾಡಿ ನೋಡುವ ಚಪಲ.

ಮಾಕಳಿಯಲ್ಲಿ ನಮ್ಮಮ್ಮನ ಚಿಕ್ಕಮ್ಮ ಕೆಂಪಜ್ಜಿ ಇದ್ದರು. ಅವರ ಮಕ್ಕಳು ಜಮೀನು ಮಾರಿ ಮೂರು ಮಹಡಿ ಮನೆ ಕಟ್ಟಿಸಿದ್ದರು. ಪಕ್ಕದ ಹಳೆಯ ಹಂಚಿನ ಮನೆಯಲ್ಲಿ ಸಿಮೆಂಟ್ ಮೂಟೆ, ಬೂಸಾ ಚೀಲ ತುಂಬಿದ್ದವು. ಮಂಗಳನನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಜಗಲಿಯ ಮೇಲಿನ ಸಿಮೆಂಟ್ ಮೂಟೆಗಳನ್ನು ಸರಿಸಿದೆವು. ಮೆಟ್ಟಿಲ ಕೆಳಗೆ ಬಿದ್ದಿದ್ದ ಬೀಸುಕಲ್ಲನ್ನು ತಂದು ತೊಳೆದೆವು. ಮಂಗಳನಿಗೆ ನಮ್ಮಮ್ಮನ ಹಳೆಯ ನೂಲಿನ ಸೀರೆ ಉಡಿಸಿದೆ. ಅವಳ ಉಗುರಿನ ಕೆಂಪು ಬಣ್ಣವನ್ನು ನಾನೇ ಹತ್ತಿಯಿಂದ ಒರೆಸಿದೆ. ಒಂದೊಂದೇ ಬೆರಳು. ಅವಳು ನಗುತ್ತ ಕೈ ಕೊಟ್ಟಿದ್ದಳು.

ಕೆಂಪಜ್ಜಿ ಹೊಸ ಮನೆಯಿಂದ ಎದ್ದು ಬಂದು ಬೀಸುಕಲ್ಲಿನ ಮುಂದೆ ಕೂತರು.

“ಇಂಗ್ ಕುಂತ್ಕಂಡ್ರೆ ಆಯ್ತದೇನವ್ವ?”

“ಆಗುತ್ತೆ ಅಜ್ಜಿ. ಸುಮ್ಮನೆ ಕಲ್ಲು ತಿರುಗಿಸಿ.”

“ನಂಗ್ ಆಡು ಗೀಡು ಬರಾಕಿಲ್ಲ ಕಣವ್ವ, ಮೊದ್ಲೇ ಏಳಿವ್ನಿ. ಚಿಕ್ಕೋಳಿದ್ದಾಗ ನಮ್ಮವ್ವ ಬಾಯ್ ಮುಚ್ಕೊಂಡ್ ಬೀಸು ಅನ್ನೋಳು.”

ನಾವು ಮೂವರೂ ನಕ್ಕೆವು. ಸಂಜೆಯ ಬಿಸಿಲು ಚೆನ್ನಾಗಿತ್ತು. ಮಂಗಳ ಹಾಡಿದಳು, ಅಜ್ಜಿ ಕಲ್ಲು ತಿರುಗಿಸಿದರು, ನಾನು ಮೊಬೈಲು ಹಿಡಿದೆ. ನಡುವೆ ಅಜ್ಜಿ ಮಂಗಳನ ಮುಖವನ್ನೇ ನೋಡುತ್ತ ಕೈ ನಿಲ್ಲಿಸಿಬಿಟ್ಟರು. ಹಾಡು ಮುಗಿದ ಮೇಲೆ “ಯಾಕವ್ವ, ಏನಾಯ್ತು ನಿಂಗೆ?” ಎಂದು ಕೇಳಿದರು. ಮಂಗಳ ಸೆರಗು ಸರಿಮಾಡಿಕೊಂಡಳು. ಅಜ್ಜಿ ಮತ್ತೆ ಕೇಳಲಿಲ್ಲ. “ಮುಗೀತಾ? ಧಾರಾವಾಹಿ ಬರೋ ಒತ್ತಾಯ್ತು” ಎಂದು ಎದ್ದು ಹೋದರು.

ಅಜ್ಜಿಯ ಆ ಪ್ರಶ್ನೆಯನ್ನು ನಾನು ವಿಡಿಯೋದಿಂದ ಕತ್ತರಿಸಿದೆ. ತಾರಸಿಯ ಹಳೆಯ ವಿಡಿಯೋವನ್ನು ಪೇಜಿನಿಂದ ತೆಗೆದೆ. ಕೆಳಗೆ, ಮಂಗಳ ಬರೆದಂತೆ, ನಾನು ಬರೆದೆ: ‘ನನ್ನ ಅಜ್ಜಿ ಓದಿದವಳಲ್ಲ. ಈ ಹಾಡನ್ನು ಅವಳು ತನ್ನ ಅಜ್ಜಿಯಿಂದ ಕಲಿತಳು. ಕಟ್ಟಿದವರು ಯಾರೋ ಯಾರಿಗೂ ಗೊತ್ತಿಲ್ಲ. ನಮ್ಮ ಮಣ್ಣಿನ ಜಾನಪದ.’

ಹಾಕುವ ಮೊದಲು ಅವಳಿಗೆ ಓದಿ ಹೇಳಿದೆ. ಅವಳು ಮೊಬೈಲು ಇಸಿದುಕೊಂಡು ತಾನೂ ಒಮ್ಮೆ ಓದಿದಳು.

“ಅಜ್ಜಿ ಹಾಡು ಅಂದ್ರೆ, ಇದನ್ನ ಯಾಕ್ ಕಟ್ಟಿದ್ದು ಅಂತ ಯಾರೂ ಕೇಳಲ್ಲ, ಅಲ್ವಾ?”

“ಕೇಳಲ್ಲ.”

“ಹಂಗಾದ್ರೆ ಹಾಕು.”

ಅವಳು ಒಪ್ಪಿದ್ದಳಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅವಳು ಒಪ್ಪಿದ್ದು ತನ್ನ ನೋವಿಗೆ ಒಂದು ಸೆರಗು ಸಿಕ್ಕಿತೆಂದು. ನಾನು ಆ ಸೆರಗನ್ನೇ ಅಂಗಡಿಯ ಪರದೆ ಮಾಡಿದೆ.

ಆ ವಿಡಿಯೋ ಓಡಿತು. ಎಲ್ಲೆಲ್ಲಿಂದಲೋ ಜನ ಬರೆದರು. ‘ಇದು ನಿಜವಾದ ಹಾಡು.’ ‘ಈ ದನಿಯಲ್ಲಿ ಸೋಗಿಲ್ಲ.’ ‘ಈಗಿನವರಿಗೆ ಇಂಥದ್ದನ್ನು ಕಟ್ಟಲು ಬರುತ್ತದೆಯೇ?’ — ಕೊನೆಯದನ್ನು ಓದಿ ಮಂಗಳ ಬೇಕರಿಯ ಬೆಂಚಿನ ಮೇಲೆ ಕೂತು ಬಿದ್ದು ಬಿದ್ದು ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆ ಕಣ್ಣೀರು ನಗುವಿನದೇ ಎಂದು ನಾನು ನಂಬಿದೆ.

ಆಮೇಲೆ ಅವಳನ್ನು ಹಾಗೇ ಇಟ್ಟುಕೊಳ್ಳುವುದು ನನ್ನ ಕೆಲಸವಾಯಿತು. ಆರ್ಕೆಸ್ಟ್ರಾದ ಹಳೆಯ ವಿಡಿಯೋಗಳನ್ನು ಹುಡುಕಿ ತೆಗೆಸಿದೆ. ನರ್ಸರಿ ಶಾಲೆಯ ಮಾತು ಎತ್ತಬೇಡ ಎಂದೆ. ಪೇಜಿನಲ್ಲಿ ಒಂದು ವಾರ ಏನೂ ಹಾಕದೆ, ನಂತರ ‘ಹೊಲದ ಕೆಲಸ ಇತ್ತು’ ಎಂದು ಬರೆಯುತ್ತಿದ್ದೆ. ಅವಳಿಗೆ ಹೊಲವೆಲ್ಲಿತ್ತು! ಅವಳು ಮಕ್ಕಳಿಗೆ ಎ ಫಾರ್ ಆ್ಯಪಲ್ ಹೇಳಿಕೊಡುತ್ತಿದ್ದಳು. ಸಂದರ್ಶನಕ್ಕೆ ಕರೆದಾಗ ಯಾವ ಸೀರೆ, ಹೇಗೆ ಕೂರಬೇಕು, ‘ನಂಗೇನೂ ಗೊತ್ತಿಲ್ಲ ಸಾರ್, ಅಜ್ಜಿ ಹೇಳ್ಕೊಟ್ಟಿದ್ದು’ ಎಂದು ಯಾವಾಗ ನಾಚಬೇಕು — ಎಲ್ಲ ನಾನೇ ಹೇಳಿಕೊಟ್ಟೆ. ಗಣೇಶನ ಹಬ್ಬ ಬಂದಾಗ ಅವಳ ಹಳೆಯ ತಂಡದವರು ಕರೆದರು. ಹೋಗಬೇಡ ಎಂದೆ.

“ಒಂದೇ ಒಂದ್ ಹಾಡು ಕಣೇ ಸುನಿ. ಹಿಂದೆ ನಿಂತ್ಕೊಂಡ್ ಕೋರಸ್ ಹಾಡ್ತೀನಿ.”

“ಯಾರಾದ್ರೂ ಮೊಬೈಲಲ್ಲಿ ತೆಗೆದ್ರೆ?”

ಅವಳು ಹೋಗಲಿಲ್ಲ. ಆ ಸಂಜೆ ದಾಸರಹಳ್ಳಿಯ ಅವಳ ಮನೆಗೆ ಶಾಮಿಯಾನದ ಹಾಡುಗಳು ಕೇಳಿಸುತ್ತಿದ್ದವು. ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು, ಸದ್ದಿಲ್ಲದೆ ತುಟಿಯಾಡಿಸುತ್ತಿದ್ದಳು. ನಾನು ಕಂಡೆ. ಕಂಡೂ ಕಾಣದವಳಂತೆ ಕಾಫಿ ಕುಡಿದೆ.

ಜಾನಪದ ಹಾಡು ಸಂಗ್ರಹಿಸುವ ಹಿರಿಯರೊಬ್ಬರು ಮಾಕಳಿಗೇ ಹೋಗಿ ಕೆಂಪಜ್ಜಿಯನ್ನು ಹುಡುಕಿದರು. “ನಂಗ್ ಬರಾಕಿಲ್ಲ ಸಾಮಿ, ಆ ಉಡ್ಗಿ ಆಡಿದ್ದು” ಎಂದು ಅಜ್ಜಿ ಇದ್ದದ್ದನ್ನೇ ಹೇಳಿದರಂತೆ. ಅವರು ಅದನ್ನು ಹಳ್ಳಿಯವರ ಸಂಕೋಚವೆಂದು ತಿಳಿದು, ಕೈಮುಗಿದು, ಒಂದು ಶಾಲು ಹೊದಿಸಿ ಬಂದರು. ನಿಜ ಹೇಳಿದವರು ಅಜ್ಜಿಯೊಬ್ಬರೇ. ಅವರ ಮಾತನ್ನು ಯಾರೂ ನಂಬಲಿಲ್ಲ.

ಕೆಂಪಜ್ಜಿ ತೀರಿಕೊಂಡಾಗ ನಾನು ಮಾಡಿದ್ದು ಇನ್ನೂ ಹೇಸಿಗೆಯದು. ಮಣ್ಣಿಗೆ ಹೋಗಿ ಬಂದು, ಸ್ನಾನ ಮಾಡಿ, ಅದೇ ಜಗಲಿಯ ಚಿತ್ರ ಹಾಕಿ ‘ಬೀಸುಕಲ್ಲು ನಿಂತಿತು’ ಎಂದು ಬರೆದೆ. ಸಾವಿರಾರು ಜನ ದುಃಖಿಸಿದರು. ಮಂಗಳ ಫೋನ್ ಮಾಡಿದಳು.

“ಅವರಿಗೆ ಬರದೇ ಇರೋ ಹಾಡಿಗೆ ಅವರನ್ನ ಯಾಕ್ ಸಾಯಿಸ್ತೀಯ ಸುನಿ? ಅವರ ಪಾಡಿಗೆ ಅವರು ಸತ್ತಿದಾರಲ್ಲ.”

ನಾನು ಆ ಬರಹವನ್ನು ತೆಗೆಯಲಿಲ್ಲ. ಅಷ್ಟು ಚೆನ್ನಾಗಿ ಓಡುತ್ತಿತ್ತು.

ಈಗ ಆ ಮಾತಿಗೆ ಬರಬೇಕು — ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು ಅದನ್ನು ಹೇಳಲಿಕ್ಕೆ ಹೆದರಿ.

ಮರುವರ್ಷ ನಮ್ಮ ಕಚೇರಿಗೆ ಒಬ್ಬ ಬಿಲ್ಡರ್ ಬಂದರು. ಹೆಬ್ಬಾಳದ ಆಚೆ ದೊಡ್ಡ ಅಪಾರ್ಟ್‌ಮೆಂಟು ಕಟ್ಟುತ್ತಿದ್ದರು. ಜಾಹೀರಾತಿಗೆ ನೆಲದ ಸೊಗಡಿನದು ಏನಾದರೂ ಬೇಕು ಎಂದರು. ಮೀಟಿಂಗಿನಲ್ಲಿ ಯಾರೋ ಆ ಹಾಡನ್ನು ಹಾಕಿದರು. ಹೊಸಿಲು ಎಂಬ ಪದ ಕೇಳಿ ಬಿಲ್ಡರ್ ಮುಖ ಅರಳಿತು. ಮನೆ, ಹೊಸಿಲು, ಹೂವು — ಅವರಿಗೆ ಅಷ್ಟು ಸಾಕಿತ್ತು. ಆ ಪೇಜು ನಡೆಸುವವಳು ನಾನೆಂದು ಪ್ರಭಾಕರ್ ಅವರಿಗೆ ಗೊತ್ತಿತ್ತು. ಅದನ್ನು ಅವರು ಹೆಮ್ಮೆಯಿಂದ ಹತ್ತು ಜನರ ಮುಂದೆ ಹೇಳುತ್ತಿದ್ದರು. ನನ್ನ ಕಡೆ ತಿರುಗಿದರು.

“ಸುನೀತಾ, ಇದು ಜಾನಪದ ತಾನೆ? ಯಾರ ಹತ್ರನೂ ಪರ್ಮಿಶನ್ ಕೇಳ್ಬೇಕಾಗಿಲ್ವಲ್ಲ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಫ್ಯಾನು ತಿರುಗುತ್ತಿತ್ತು. ಆ ತಾರಸಿ, ಆ ಅರ್ಧ ಮಡಿಸಿದ ಅಂಗಿ, ಎಲ್ಲ ನನ್ನ ಕಣ್ಣ ಮುಂದೆ ಬಂತು — ಬರಲಿಲ್ಲವೆಂದು ಹೇಳಲಾರೆ. ಇಲ್ಲ ಸರ್, ಇದು ನನ್ನ ಸ್ನೇಹಿತೆ ಕಟ್ಟಿದ್ದು ಎಂದರೆ — ಅಜ್ಜಿಯ ಕತೆ ಸುಳ್ಳಾಗುತ್ತಿತ್ತು. ನಾನು ಸುಳ್ಳಾಗುತ್ತಿದ್ದೆ. ನನ್ನ ಜಾಣತನ, ಆ ಕಚೇರಿಯಲ್ಲಿ ನಾನು ಗಳಿಸಿದ್ದ ಹೆಸರು…

“ಹೌದು ಸರ್,” ಎಂದೆ. “ಇದು ಯಾರದೂ ಅಲ್ಲ.”

ಇನ್ನೊಬ್ಬ ಗಾಯಕಿಯಿಂದ ಹಾಡಿಸಿದರು. ಮೊದಲ ಸಾಲು ಮಾತ್ರ ಉಳಿಸಿಕೊಂಡು, ‘ಬಾಡಲಿ ಹಾಗೇ’ ಎಂಬುದು ಅಪಶಕುನವೆಂದು ಕಿತ್ತುಹಾಕಿ, ಅಲ್ಲಿ ‘ಬನ್ನಿ ಮನೆಗೆ’ ಎಂದು ಸೇರಿಸಿದರು. ಆ ಎರಡು ಪದ ಹೊಂದಿಸಿಕೊಟ್ಟವಳೂ ನಾನೇ.

ಮಂಗಳ ಅದನ್ನು ಕೇಳಿದ್ದು ಬಸ್ಸಿನಲ್ಲಿ, ಡ್ರೈವರ್ ಹಾಕಿದ್ದ ರೇಡಿಯೋದಲ್ಲಿ. ಜಾಲಹಳ್ಳಿ ಕ್ರಾಸಿನಲ್ಲಿ ಇಳಿದವಳೇ ಸಹಕಾರನಗರಕ್ಕೆ, ನಮ್ಮ ಮನೆಗೆ ಬಂದಳು. ಬಾಗಿಲಲ್ಲೇ ನಿಂತಿದ್ದಳು, ಒಳಗೆ ಬಾ ಎಂದರೂ ಬರಲಿಲ್ಲ.

“ಸುನಿ, ನನ್ನ ಹಾಡಲ್ಲಿ ಮನೆ ಮಾರ್ತಿದಾರೆ ಕಣೇ.”

“ನಾನೂ ಕೇಳ್ದೆ,” ಎಂದೆ. ಆ ಜಾಹೀರಾತು ನಮ್ಮ ಕಚೇರಿಯದೆಂದು ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ.

ಆ ರಾತ್ರಿ ಅವಳು ತನ್ನ ಸ್ವಂತ ಖಾತೆಯಿಂದ ನಮ್ಮ ಪೇಜಿನ ಆ ವಿಡಿಯೋದ ಕೆಳಗೆ ಬರೆದಳು — ಈ ಹಾಡು ನಾನು ಕಟ್ಟಿದ್ದು, ಅಜ್ಜಿಯ ಕತೆ ನಿಜವಲ್ಲ, ದಯವಿಟ್ಟು ಜಾಹೀರಾತಿಗೆ ಬಳಸಬೇಡಿ. ಜನ ಮೈಮೇಲೆ ಬಿದ್ದರು. ‘ಸತ್ತ ಅಜ್ಜಿಯ ಹಾಡು ಕದಿಯಲು ನಾಚಿಕೆಯಾಗುವುದಿಲ್ಲವೇ?’ ‘ನೀವೇ ಸಂದರ್ಶನದಲ್ಲಿ ಹೇಳಿದ್ದು ಮರೆತುಹೋಯಿತೇ?’ ‘ದುಡ್ಡಿನ ವಾಸನೆ ಬಡಿಯಿತು ನೋಡಿ.’ ಒಂದೊಂದು ಮಾತಿಗೂ ನಾನು ಹಿಂದೆ ಬರೆದದ್ದೇ ಸಾಕ್ಷಿ. ಅವಳು ಫೋನಿನಲ್ಲಿ ಕೇಳಿದಳು:

“ನೀನೊಂದ್ ಮಾತು ಬರಿ ಸುನಿ. ನನ್ನ ಎದುರಿಗೇ ಕಟ್ಟಿದ್ಲು ಅಂತ. ಅಷ್ಟೇ ಸಾಕು ನಂಗೆ.”

“ನೋಡೋಣ ಮಂಗಳ. ಈಗ ಜನ ಸಿಟ್ಟಲ್ಲಿದಾರೆ, ಸ್ವಲ್ಪ ತಣ್ಣಗಾಗ್ಲಿ.”

ಫೋನ್ ಇಟ್ಟು, ಪೇಜು ತೆರೆದು, ಅವಳು ಬರೆದದ್ದನ್ನು ಅಳಿಸಿದೆ. ಅವಳನ್ನು ಬೈಗುಳದಿಂದ ಕಾಪಾಡುತ್ತಿದ್ದೇನೆ ಎಂದು ಅಳಿಸುವಾಗ ನನಗೆ ನಾನು ಹೇಳಿಕೊಂಡೆ. ಸುಳ್ಳು. ಕಾಪಾಡಿಕೊಂಡದ್ದು ನನ್ನನ್ನು.

ಅವಳು ಮತ್ತೆ ಫೋನ್ ಮಾಡಲಿಲ್ಲ. ನಾನು ಮಾಡಿದಾಗ ಎತ್ತಲಿಲ್ಲ. ಜಾಹೀರಾತು ಕೆಲವು ತಿಂಗಳು ಓಡಿ ನಿಂತಿತು; ಆ ಕಟ್ಟಡದಲ್ಲಿ ಈಗ ಜನ ಇದ್ದಾರೆ, ಬಾಲ್ಕನಿಗಳಲ್ಲಿ ಬಟ್ಟೆಗಳು ಒಣಗುತ್ತವೆ. ನಾನು ಆ ಕಚೇರಿ ಬಿಟ್ಟು ಬೇರೆಡೆ ಸೇರಿದೆ. ಮಂಗಳ ಸಂಸಾರ ಸಮೇತ ಮಾಕಳಿಯ ಕಡೆ ಹೊಸ ಬಡಾವಣೆಗೆ ಹೋದಳೆಂದು, ಹಾಡುವುದನ್ನು ಬಿಟ್ಟಳೆಂದು ಯಾರಿಂದಲೋ ತಿಳಿಯಿತು. ಮೇಲುಸೇತುವೆಯ ಮೇಲೆ ಬಸ್ಸು ನಿಂತಾಗ, ಬೇಕರಿಯಲ್ಲಿ ಇಬ್ಬರು ಹುಡುಗಿಯರು ಒಂದೇ ತಟ್ಟೆಯಲ್ಲಿ ತಿನ್ನುವುದನ್ನು ಕಂಡಾಗ, ನೆನಪಾಗುತ್ತಿತ್ತು. ನೆನಪಾದಷ್ಟೂ ಹೋಗುವ ಧೈರ್ಯ ಕಡಿಮೆಯಾಗುತ್ತಿತ್ತು.

ಕೊನೆಗೆ ಈ ವರ್ಷದ ಆರಂಭದಲ್ಲಿ, ಅವರೆಕಾಯಿಯ ಕಾಲದಲ್ಲಿ, ಹೋದೆ. ಯಾಕೆ ಆಗ ಎಂದರೆ — ನನ್ನ ಅಕ್ಕನ ಮಗಳು ಶಾಲೆಯಲ್ಲಿ ಆ ಹಾಡನ್ನು ಕಲಿತು ಬಂದಿದ್ದಳು. ‘ಬನ್ನಿ ಮನೆಗೆ’ ಎಂದೇ ಹಾಡಿದಳು. ಅದು ಹಾಗಲ್ಲ ಎಂದೆ. “ಮಿಸ್ ಹಿಂಗೇ ಹೇಳ್ಕೊಟ್ಟಿದ್ದು ಚಿಕ್ಕಿ, ಇದು ತುಂಬಾ ಹಳೇ ಹಾಡು” ಎಂದಳು. ಆ ಮಗುವಿನ ಮುಂದೆ ನನಗೆ ತಲೆಯೆತ್ತಲಾಗಲಿಲ್ಲ.

ಮಂಗಳ ಬಾಗಿಲು ತೆರೆದು, ಸ್ವಲ್ಪ ಹೊತ್ತು ನೋಡಿ, “ಬಾ” ಎಂದಳು. ದಪ್ಪಗಾಗಿದ್ದಳು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ನಡುಮನೆಯಲ್ಲಿ ನೀರಿನ ಪಾತ್ರೆಯಲ್ಲಿ ಅವರೆಕಾಳು ನೆನೆದಿತ್ತು. ಹಿತಕಿದ ಬೇಳೆ ಸಾರಿಗೆ. ನನ್ನ ಮುಂದೆಯೂ ಒಂದಷ್ಟು ಸುರಿದಳು. ಇಬ್ಬರೂ ಕಾಳು ಹಿತುಕುತ್ತ ಕೂತೆವು. ಕೈಗೆ ಕೆಲಸವಿದ್ದದ್ದರಿಂದ ಬಾಯಿ ಬಿಡಲು ನನಗೆ ಸಾಧ್ಯವಾಯಿತು. ಎಲ್ಲ ಹೇಳಿದೆ — ಆ ಮೀಟಿಂಗು, ಪ್ರಭಾಕರ್ ಕೇಳಿದ್ದು, ನಾನು ಹೇಳಿದ್ದು.

ಅವಳ ಕೈ ನಿಂತಿತು.

“ಯಾರದೂ ಅಲ್ಲ ಅಂದ್ಯಾ?”

“ಅಂದೆ.”

“ನಾನು ಬರೆದಿದ್ದನ್ನ ಅಳಿಸಿದ್ದು ನೀನೇ ಅಂತ ಅವತ್ತೇ ಗೊತ್ತಾಗಿತ್ತು. ಪೇಜು ನಿಂದೇ ತಾನೆ. ಹೆದರ್ಕೊಂಡಿದಾಳೆ ಅಂದ್ಕೊಂಡೆ. ಆದ್ರೆ ಇದು…” ಪಾತ್ರೆಯ ನೀರಿನಲ್ಲಿ ಬೆರಳು ಅದ್ದಿ ಹಾಗೇ ಇಟ್ಟುಕೊಂಡಳು. “ನೀನು ಅಲ್ಲೇ ಕೂತಿದ್ದೆ ಸುನಿ. ಆ ತಾರಸಿ ಮೇಲೆ. ಇನ್ಯಾರಾದ್ರೂ ಅಂದಿದ್ರೆ ನಂಗೆ ಇಷ್ಟು…”

ನಾನು ಕ್ಷಮಿಸು ಎಂದೆ. ಅವಳು ಆ ಮಾತನ್ನು ಕೇಳಿಸಿಕೊಂಡಳೋ ಇಲ್ಲವೋ. ಕುಕ್ಕರ್ ಕೂಗಿತು. ಎದ್ದು ಹೋಗಿ ಆರಿಸಿ ಬಂದು ಕೂತಳು.

“ಎಲ್ಲಾ ಬರೀತೀನಿ ಮಂಗಳ,” ಎಂದೆ. “ಆ ಪೇಜಿನಲ್ಲೇ. ಹಾಡು ನಿಂದು ಅಂತ. ನೀನು ಅದನ್ನ ಯಾಕೆ ಕಟ್ಟಿದೆ, ಆಗ ನಿನ್ನ ಸ್ಥಿತಿ ಹೇಗಿತ್ತು, ಎಲ್ಲಾ. ಜನಕ್ಕೆ ನಿಜ ಗೊತ್ತಾದ್ರೆ ಅರ್ಥ ಮಾಡ್ಕೋತಾರೆ.”

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಅದು ಅಜ್ಜಿಗಿಂತ ಚೆನ್ನಾಗ್ ಓಡುತ್ತೆ, ಅಲ್ವಾ ಸುನಿ?”

ಇದನ್ನೂ ಹೇಳಿಬಿಡುತ್ತೇನೆ: ಮಾಕಳಿಗೆ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ನಾನು ಮೊದಲ ವಾಕ್ಯವನ್ನು ಆಗಲೇ ಹೊಂದಿಸಿಕೊಂಡಿದ್ದೆ. ಅವಳ ಆ ನೋವಿನಿಂದಲೇ ಅದು ಶುರುವಾಗುತ್ತಿತ್ತು. ಚೆನ್ನಾಗಿತ್ತು ಆ ವಾಕ್ಯ. ಓದಿದವರು ಅಳುತ್ತಿದ್ದರು. ಕ್ಷಮೆ ಕೇಳಲು ಹೊರಟವಳ ಒಳಗೂ ಆ ಚಟ್ನಿಪುಡಿಯವಳು ಕೂತಿದ್ದಳು.

“ಬರೀಬೇಡ ಅನ್ನಲ್ಲ,” ಎಂದಳು ಮಂಗಳ. “ಹಾಡು ನಂದು ಅಂತ ಬರಿ. ನೀನ್ ಮಾಡಿದ್ದೂ ಬರಿ. ಆ ದಿನದ್ದು ಬೇಡ. ಅದು ನಂದು. ನಿಂಗೆ ಗೊತ್ತು ಅಂದ ಮಾತ್ರಕ್ಕೆ ನಿಂದಾಗಲ್ಲ.”

ಮತ್ತೆ ಕಾಳು ಹಿತುಕತೊಡಗಿದಳು. ನಾನೂ. ಹೊರಗೆ ಬಡಾವಣೆಯ ಖಾಲಿ ಸೈಟಿನಲ್ಲಿ ಮಕ್ಕಳು ಕ್ರಿಕೆಟ್ ಆಡುವ ಗಲಾಟೆ. ಬಟ್ಟಲು ತುಂಬಿತು. ಊಟ ಮಾಡಿಕೊಂಡು ಹೋಗು ಎಂದು ಅವಳು ಹೇಳಲಿಲ್ಲ. ಹಿಂದೆಲ್ಲ ನಾನು ಹೊರಟರೆ ಬ್ಯಾಗು ಕಿತ್ತಿಟ್ಟುಕೊಳ್ಳುತ್ತಿದ್ದವಳು, ಅವತ್ತು ಬಾಗಿಲವರೆಗೆ ಬಂದು, “ಬಸ್ಸು ಮೇನ್ ರೋಡಲ್ಲೇ ಸಿಗುತ್ತೆ” ಎಂದಷ್ಟೇ ಹೇಳಿದಳು.

ಪೇಜಿನಲ್ಲಿ ಬರೆದೆ. ಅಜ್ಜಿಯ ಕತೆ ನಾನು ಕಟ್ಟಿದ್ದು, ಕೆಂಪಜ್ಜಿಗೆ ಹಾಡು ಬರುತ್ತಿರಲಿಲ್ಲ, ಅವರ ಸಾವನ್ನೂ ಬಳಸಿಕೊಂಡೆ, ಜಾಹೀರಾತಿಗೆ ಯಾರದೂ ಅಲ್ಲವೆಂದು ಹೇಳಿದವಳು ನಾನು, ಮಂಗಳ ಬರೆದದ್ದನ್ನು ಅಳಿಸಿದವಳೂ ನಾನು. ಬಹಳ ಜನ ಓದಲಿಲ್ಲ. ಓದಿದವರಲ್ಲಿ ಕೆಲವರು ಬೈದರು, ಕೆಲವರು ಇದೂ ಪ್ರಚಾರದ ಗಿಮಿಕ್ ಎಂದರು. ಒಬ್ಬರು ‘ಅಜ್ಜಿ ಕತೆಯೇ ಚೆನ್ನಾಗಿತ್ತು, ಯಾಕೆ ಹಾಳು ಮಾಡಿದಿರಿ?’ ಎಂದು ಕೇಳಿದರು. ಹಾಗಾದರೆ ಆ ಹಾಡು ಯಾಕೆ ಕಟ್ಟಿದರು, ಹೇಳಿ, ಎಂದು ಅನೇಕರು ಕೇಳಿದರು. ನಾನು ಉತ್ತರಿಸಲಿಲ್ಲ. ಆ ಪೇಜಿನ ಪಾಸ್‌ವರ್ಡನ್ನು ಮಂಗಳನಿಗೆ ಒಪ್ಪಿಸಿದೆ. ಅವಳು ಅದನ್ನು ಇನ್ನೂ ತೆರೆದಿಲ್ಲ. ಅಕ್ಕನ ಮಗಳ ಶಾಲೆಗೆ ಹೋಗಿ ಅವಳ ಮಿಸ್ ಹತ್ತಿರ ಮಾತಾಡಿದೆ. ಅವರು ಪಾಪ, ಗಾಬರಿಯಾಗಿ, ಬೋರ್ಡಿನ ಮೇಲಿದ್ದ ‘ಜಾನಪದ’ವನ್ನು ಒರೆಸಿ, ಅಲ್ಲಿ ಏನು ಬರೆಯಲಿ ಎಂದು ಕೇಳಿದರು. ಮಂಗಳ ಎಂದೆ. ಪೂರ್ತಿ ಹೆಸರು ಎಂದರು. ಅಷ್ಟೇ ಸಾಕು ಎಂದೆ.

ಅವಳು ನನ್ನನ್ನು ಕ್ಷಮಿಸಿಲ್ಲ. ಕ್ಷಮಿಸಬೇಕೆಂದು ಕೇಳುವ ಬಾಯಿ ನನಗಿಲ್ಲ. ಇದನ್ನು ಓದುವ ನಿಮಗೂ ಆ ಮಧ್ಯಾಹ್ನದ ಕಾರಣ ತಿಳಿಯುವ ಆಸೆ ಬಂದಿರಬಹುದು; ನನಗೆ ಗೊತ್ತಿದೆ, ಹೇಳುವುದಿಲ್ಲ. ಎಷ್ಟೋ ವರ್ಷ ಇಲ್ಲದ್ದನ್ನು ಹೇಳಿದೆ. ಇನ್ನು ಇದ್ದದ್ದನ್ನು ಹೇಳದೆ ಬದುಕುವುದನ್ನು ಕಲಿಯುತ್ತಿದ್ದೇನೆ.